ನನ್ನ ಅಪಸ್ವರವನ್ನು ವಾಪಸ್ ಕೊಡಿ

ಇವರಿಗೆ,
ಮಾನ್ಯ ಗ್ರಾಹಕ ಸೇವಾ ಮುಖ್ಯಸ್ಥರು,
‘ಹನ್ನೆರಡು ಪಾಠಗಳಲ್ಲಿ ಸ್ಲೈಡ್ ಗಿಟಾರ್’ ಕಲಿಕಾ ಪೆಟ್ಟಿಗೆಯ ತಯಾರಕರು,
(ಪೆಟ್ಟಿಗೆಯ ತಳದಲ್ಲಿ ಭೂತಗನ್ನಡಿ ಹಿಡಿದರೆ ಕಾಣುವ ವಿಳಾಸ)

ವಿಷಯ: ತಮ್ಮ ಪುಸ್ತಿಕೆಯ ಆರನೇ ಪಾಠದ ದೆಸೆಯಿಂದ ಗ್ರಾಹಕನಿಗೆ ಗಿಟಾರ್ ನುಡಿಸಲು ಬಂದುಬಿಟ್ಟಿರುವ ಕುರಿತು ದೂರು.

ಮಾನ್ಯರೇ,

ತಮಗೂ, ತಮ್ಮ ಕಾರ್ಖಾನೆಯಲ್ಲಿ ಗಾಜು ಕಾಯಿಸುವವರಿಗೂ, ಕೊಳವೆ ಕತ್ತರಿಸುವವರಿಗೂ, ಅದರ ಅಂಚು ಬೆರಳನ್ನು ಕೊಯ್ಯದಂತೆ ಉಜ್ಜಿ ನುಣುಪು ಮಾಡುವವರಿಗೂ, ಪುಸ್ತಿಕೆಯ ಮುಖಪುಟದಲ್ಲಿ ಟೋಪಿ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ಹಲ್ಲುನೋವೋ ಆನಂದವೋ ಎಂದು ಹೇಳಲಾಗದ ಮುಖಭಾವದಲ್ಲಿ ಗಿಟಾರ್ ನುಡಿಸುತ್ತಿರುವ ಮಹನೀಯರಿಗೂ ನನ್ನ ಹೃತ್ಪೂರ್ವಕ ವಂದನೆಗಳು. ತಾವೆಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಈ ಪತ್ರವನ್ನು ಓದಿ ಮುಗಿಸಿದ ಮೇಲೂ ಹಾಗೆಯೇ ಇರಿ ಎಂದು ಹಾರೈಸುತ್ತೇನೆ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಈ ಮೊದಲು ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೆ ತಮ್ಮಿಂದ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಎರಡು ಸಲ ಬಂದಿತು, ಎರಡನೆಯ ಸಲ ನನ್ನ ಹೆಸರಿನ ಜಾಗದಲ್ಲಿ ಇನ್ಯಾರದೋ ಹೆಸರಿತ್ತು.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಹಿರಿಯ ನಿರೀಕ್ಷಕ. ಇಪ್ಪತ್ತಾರು ವರ್ಷಗಳಿಂದ ಅಂಗಡಿಗಳ ತಕ್ಕಡಿ, ಬಟ್ಟೆಯಂಗಡಿಗಳ ಮೀಟರ್ ಕೋಲು, ಪೆಟ್ರೋಲ್ ಬಂಕುಗಳ ಯಂತ್ರ ಇವುಗಳನ್ನೆಲ್ಲ ಪರೀಕ್ಷಿಸಿ ಮುದ್ರೆ ಹಾಕುತ್ತ ಬಂದವನು. ‘ಅಂದಾಜು’ ಎಂಬ ಪದ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಮನೆಯಲ್ಲಿ ಅಕ್ಕಿ ಹಾಕುವಾಗ ನನ್ನ ಹೆಂಡತಿ ಮುಷ್ಟಿಯಲ್ಲಿ ಅಳೆದರೆ ನಾನು ಅಡುಗೆಮನೆಯಿಂದ ಆಚೆ ಹೋಗಿ ನಿಲ್ಲುತ್ತೇನೆ. ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದ ಅನಾಹುತಕ್ಕೆಲ್ಲ ಮೂಲ ನನ್ನ ಈ ಗುಣವೇ ಎಂದು ತಮ್ಮ ವಕೀಲರು ವಾದಿಸಬಹುದು, ವಾದಿಸಿದರೆ ಅದು ನಿಜವೂ ಹೌದು.

ತಮ್ಮ ಪೆಟ್ಟಿಗೆಯನ್ನು ನಾನು ಸಂಗೀತದ ಹುಚ್ಚಿನಿಂದ ತರಿಸಿದ್ದಲ್ಲ. ನಮ್ಮ ಮನೆಯಲ್ಲಿ ಸದ್ದು ನಿಂತುಹೋಗಿತ್ತು. ನನ್ನ ಅಮ್ಮ ಮೂವತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಇಪ್ಪತ್ತು ಯಂತ್ರಗಳು ಒಟ್ಟಿಗೆ ಟಕಟಕ ಎನ್ನುತ್ತಿದ್ದರೂ ಹಿಂದಿನ ಸಾಲಿನ ಮೂರನೇ ಹುಡುಗಿ ಒತ್ತಬಾರದ ಕೀಲಿ ಒತ್ತಿದಳೆಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದರು. ಆ ಸದ್ದಿನ ಮೇಲೆ ಮಾತನಾಡಿ ಮಾತನಾಡಿ ಮನೆಯಲ್ಲೂ ಅವರ ದನಿ ಎರಡು ಬೀದಿಗೆ ಕೇಳುವಷ್ಟಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೆಯೇ ಕುಸಿದರು. ಪಾರ್ಶ್ವವಾಯು. ಬಲಗೈ, ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯಿತು. ಏಳು ತಿಂಗಳು ಒಂದಕ್ಷರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಕಣ್ಣು ಉತ್ತರ ಕೊಡುತ್ತಿತ್ತು, ಬಾಯಿ ಕೊಡುತ್ತಿರಲಿಲ್ಲ. ಅವರು ಸುಮ್ಮನಾದ ಮೇಲೆ ಯಾಕೋ ನಾನೂ ನನ್ನ ಹೆಂಡತಿಯೂ ಪಿಸುಮಾತಿಗೆ ಇಳಿದುಬಿಟ್ಟೆವು. ಚಮಚ ಬಿದ್ದರೆ ಮೂವರೂ ಬೆಚ್ಚಿಬೀಳುತ್ತಿದ್ದೆವು. ನನಗೆ ಆ ಮೌನ ತಡೆಯಲಾಗಲಿಲ್ಲ, ಅಷ್ಟೇ.

ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಬಿಟ್ಟುಹೋಗಿದ್ದ ಗಿಟಾರ್ ಕಪಾಟಿನ ಮೇಲಿತ್ತು. ಅದನ್ನು ಇಳಿಸಿ ಬಾರಿಸಲು ಹೋದರೆ ಎರಡೇ ದಿನಕ್ಕೆ ಬೆರಳ ತುದಿಗಳು ಬೊಬ್ಬೆಯೆದ್ದವು. ಆಗ ಕಣ್ಣಿಗೆ ಬಿದ್ದದ್ದು ತಮ್ಮ ಜಾಹೀರಾತು: ‘ತಂತಿ ಒತ್ತಬೇಕಿಲ್ಲ, ಬೆರಳು ನೋಯುವುದಿಲ್ಲ, ಗಾಜಿನ ಕೊಳವೆಯನ್ನು ತಂತಿಯ ಮೇಲೆ ಜಾರಿಸಿದರೆ ಸಾಕು, ಗಿಟಾರ್ ಹಾಡುತ್ತದೆ.’ ಇಷ್ಟು ಪ್ರಾಮಾಣಿಕವಾದ ಜಾಹೀರಾತನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಗಿಟಾರ್ ಏನು ಹಾಡುತ್ತದೆ ಎಂಬುದನ್ನು ತಾವು ಹೇಳದೆ ಬಿಟ್ಟಿದ್ದೀರಿ, ಅದೊಂದೇ ಕೊರತೆ.

ಮೊದಲ ಪಾಠದಲ್ಲಿ ಕೊಳವೆಯನ್ನು ಎಡಗೈಯ ಕಿರುಬೆರಳಿಗೆ ತೊಡಿಸಿದೆ. ಎರಡನೇ ಪಾಠದಲ್ಲಿ, ಯಾವ ತಂತಿಯನ್ನೂ ಮುಟ್ಟದೆ ಮೀಟಿದರೂ ಆರೂ ಒಟ್ಟಿಗೆ ಹೊಂದಿ ಕೇಳುವಂತೆ ತಂತಿಗಳನ್ನು ಸಡಿಲಿಸಿ ಶ್ರುತಿ ಮಾಡಿದೆ. ಎರಡರಲ್ಲೂ ನನ್ನಿಂದ ಲೋಪವಾಗಿಲ್ಲ. ಮೂರನೇ ಪಾಠದಲ್ಲಿ ‘ಚಿತ್ರದಲ್ಲಿ ತೋರಿಸಿದ ಜಾಗಕ್ಕೆ ಕೊಳವೆಯನ್ನು ತನ್ನಿ’ ಎಂದಿದ್ದೀರಿ. ಚಿತ್ರದಲ್ಲಿ ಗಿಟಾರಿನ ಕತ್ತು ಇದೆ, ಕತ್ತಿಗೆ ಅಡ್ಡಡ್ಡಲಾಗಿ ಕೂರಿಸಿದ ಫ್ರೆಟ್ ಎಂಬ ಲೋಹದ ಪಟ್ಟಿಗಳಿವೆ, ಎರಡು ಪಟ್ಟಿಗಳ ನಡುವೆ ಒಂದು ಮನೆಯಿದೆ, ಮನೆಯ ನಟ್ಟನಡುವೆ ಒಂದು ಕಪ್ಪು ಚುಕ್ಕೆಯಿದೆ. ನಟ್ಟನಡುವೆ ಎಂದ ಮೇಲೆ ನಾನು ಬಿಡುವವನೇ? ಕಚೇರಿಯಿಂದ ಕ್ಯಾಲಿಪರ್ ತಂದು, ಹನ್ನೆರಡು ಮನೆಗಳನ್ನೂ ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ಅಳೆದು, ಪ್ರತಿಯೊಂದರ ನಡುಮಧ್ಯಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಆ ಕೆಲಸಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ಮುದ್ರೆ ಹಾಕುವುದೊಂದು ಬಾಕಿ.

ಬೆರಳಿನಿಂದ ಒತ್ತುವವರಿಗೆ ಆ ಚುಕ್ಕೆ ಸರಿ, ಸ್ಲೈಡ್ ಜಾರಿಸುವವರು ಮಾತ್ರ ಕೊಳವೆಯನ್ನು ಮನೆಯ ನಡುವೆ ಅಲ್ಲ, ಪಟ್ಟಿಯ ನೆತ್ತಿಯ ಮೇಲೆಯೇ ಹಿಡಿಯಬೇಕು ಎಂಬ ಸಂಗತಿಯನ್ನು ತಾವು ಆರನೇ ಪಾಠದ ಕೊನೆಗೆ, ಸಣ್ಣ ಅಕ್ಷರದಲ್ಲಿ, ಒಂದು ಚೌಕದೊಳಗೆ, ‘ನೆನಪಿರಲಿ’ ಎಂಬ ತಲೆಬರಹದಡಿ ಹೇಳಿದ್ದೀರಿ. ಹೇಳದೇ ಇದ್ದದ್ದನ್ನು ನೆನಪಿಡುವ ಶಕ್ತಿ ನನಗಿಲ್ಲ. ಹೀಗಾಗಿ ಐದು ವಾರ ಕಾಲ ನಾನು ನುಡಿಸಿದ ಪ್ರತಿ ಸ್ವರವೂ ಇರಬೇಕಾದ ಜಾಗಕ್ಕಿಂತ ಅರ್ಧ ಮನೆ ಕೆಳಗಿತ್ತು, ಅದೂ ಅತ್ಯಂತ ನಿಖರವಾಗಿ. ಬೇರೆ ಕಲಿಯುವವರು ಒಮ್ಮೆ ತಪ್ಪುತ್ತಾರೆ, ಒಮ್ಮೆ ಅಕಸ್ಮಾತ್ತಾಗಿ ಸರಿಯಾಗುತ್ತಾರೆ. ನನಗೆ ಅಕಸ್ಮಾತ್ತಿನ ಅವಕಾಶವೇ ಇರಲಿಲ್ಲ.

ಆ ಸದ್ದನ್ನು ವರ್ಣಿಸುವ ಸಾಮರ್ಥ್ಯ ನನಗಿಲ್ಲವಾದ್ದರಿಂದ ನಡೆದದ್ದನ್ನು ಮಾತ್ರ ವರದಿ ಮಾಡುತ್ತೇನೆ. ನಮ್ಮದು ಐದು ಅಂತಸ್ತಿನ ಕಟ್ಟಡ, ನಾವು ಮೂರನೆಯದರಲ್ಲಿದ್ದೇವೆ. ನಾನು ಅಭ್ಯಾಸ ಆರಂಭಿಸಿದ ವಾರವೇ ಲಿಫ್ಟ್ ಕೀರಲು ಹಿಡಿದಿದೆ ಎಂದು ಕಟ್ಟಡದವರು ದೂರು ಕೊಟ್ಟರು. ಲಿಫ್ಟ್ ರಿಪೇರಿಯವರು ಬಂದು ಎಣ್ಣೆ ಬಿಟ್ಟುಹೋದರು. ಮತ್ತೆ ಬಂದು ಬೇರಿಂಗ್ ಬದಲಿಸಿದರು. ಮೂರನೆಯ ಸಲ ‘ಲಿಫ್ಟ್ ಬಳಸಬೇಡಿ, ಅಪಾಯ’ ಎಂದು ಫಲಕ ನೇತುಹಾಕಿ, ಇಡೀ ಕಟ್ಟಡವನ್ನು ನಾಲ್ಕು ದಿನ ಮೆಟ್ಟಿಲು ಹತ್ತಿಸಿ, ಕೇಬಲ್ಲನ್ನೇ ಬದಲಿಸಿದರು. ಕೊನೆಗೆ ಒಂದು ಸಂಜೆ ಸದ್ದಿನ ಜಾಡು ಹಿಡಿದು ನಮ್ಮ ಬಾಗಿಲು ತಟ್ಟಿ, ನನ್ನ ಕೈಯಲ್ಲಿದ್ದ ಗಿಟಾರನ್ನೂ ಬೆರಳಲ್ಲಿದ್ದ ಗಾಜಿನ ಕೊಳವೆಯನ್ನೂ ಒಂದು ನಿಮಿಷ ನೋಡಿ, “ಸಾರ್, ಇದು ನಿಮ್ದಾ? ಮೊದ್ಲೇ ಹೇಳ್ಬಾರ್ದಿತ್ತಾ?” ಎಂದು ಅಳುವ ದನಿಯಲ್ಲಿ ಕೇಳಿ, ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನು ಅವರಿಗೆ ನೀರು ಕೊಟ್ಟೆ.

ಇಷ್ಟಾಗಿದ್ದರೆ ನಾನು ತಮಗೆ ಪತ್ರ ಬರೆಯುತ್ತಿರಲಿಲ್ಲ, ಕಟ್ಟಡದವರೇ ಬರೆಯುತ್ತಿದ್ದರು. ವಿಷಯ ಬೇರೆಯಿದೆ. ಅಭ್ಯಾಸದ ಹತ್ತನೇ ದಿನ, ಬೆಳಿಗ್ಗೆ ಎಂಟೂವರೆಗೆ, ಐದನೇ ಮನೆಯಿಂದ ಏಳನೇ ಮನೆಗೆ ನಾನು ಕೊಳವೆಯನ್ನು ಜಾರಿಸುತ್ತಿದ್ದಾಗ, ಕಿಟಕಿಯ ಪಕ್ಕದ ಕುರ್ಚಿಯಿಂದ ಒಂದು ದನಿ ಕೇಳಿತು.

“ಥೂ!”

ಹೆಂಡತಿ ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೆಯೇ ಒಳಗೆ ಓಡಿಬಂದಳು. ಅಮ್ಮ ನನ್ನನ್ನೇ ನೋಡುತ್ತಿದ್ದರು. ಮುಖ ಹುಳಿ ತಿಂದವರಂತೆ ಆಗಿತ್ತು. ಏಳು ತಿಂಗಳ ಮೇಲೆ ಬಂದ ಮಾತು ಮಾನ್ಯರೇ, ಅದು ನನ್ನ ಮುಖದ ಮೇಲೆ ಉಗಿದಂತೆ ಬಂದಿತ್ತು, ನನಗಾದ ಸಂತೋಷವನ್ನು ಏನೆಂದು ಹೇಳಲಿ! ಕೊಳವೆ ಎಲ್ಲೆಂದರಲ್ಲಿ ಜಾರಿತು. “ರೀ, ನಿಲ್ಲಿಸ್ಬೇಡಿ! ಇನ್ನೊಂದ್ಸಲ ಹಾಗೇ ಬಾರಿಸಿ, ಹಾಗೇ ಕೆಟ್ಟದಾಗಿ!” ಎಂದು ಹೆಂಡತಿ ಕೂಗಿದಳು. ಬಾರಿಸಿದೆ. “ನಿಲ್ಸೋ!” ಎಂದರು ಅಮ್ಮ. ಹೆಂಡತಿ ನೆಲದ ಮೇಲೆ ಕುಳಿತು ಅತ್ತಳು. ಅವಳು ಕೆಲಸ ಮಾಡುವ ಕನ್ನಡಕದಂಗಡಿ ಆ ದಿನ ಒಂದು ಗಂಟೆ ತಡವಾಗಿ ತೆರೆಯಿತು.

ಅಮ್ಮನಿಗೆ ಮಾತು ಕಲಿಸಲು ವಾರಕ್ಕೆರಡು ಸಲ ಬರುವ ಚಿಕಿತ್ಸಕಿಯೊಬ್ಬರಿದ್ದಾರೆ; ಮನೆಯಲ್ಲಿ ನಾವು ಅವರನ್ನು ಮಾತಿನ ಡಾಕ್ಟರಮ್ಮ ಎನ್ನುತ್ತೇವೆ. ಲೋಟ, ಬಾಚಣಿಗೆ, ಬೆಕ್ಕು ಹೀಗೆ ಚಿತ್ರದ ಕಾರ್ಡುಗಳನ್ನು ಏಳು ತಿಂಗಳಿಂದ ತೋರಿಸುತ್ತ ಬಂದಿದ್ದ ಪುಣ್ಯಾತಗಿತ್ತಿ. ಅವರು ವಿಷಯ ಕೇಳಿ ಕಾರ್ಡುಗಳನ್ನು ಚೀಲಕ್ಕೆ ತುರುಕಿಕೊಂಡರು. “ಬೈಗುಳ ಬರೋ ದಾರೀನೇ ಬೇರೆ ಸಾರ್. ಮುಂದಿನ ಬಾಗಿಲು ಹಾಕಿದ್ರೂ ಹಿಂದಿನ ಬಾಗಿಲು ತೆಗೆದಿರುತ್ತೆ. ಬರ್ಲಿ, ಅಲ್ಲಿಂದ್ಲೇ ಬರ್ಲಿ. ಒಂದ್ಸಲ ಬಂದಿದ್ದು ಮನೆಯೆಲ್ಲಾ ಓಡಾಡುತ್ತೆ,” ಎಂದರು. ಅಷ್ಟೇ ಅಲ್ಲ, ಚೀಟಿಯಲ್ಲಿ ಬರೆದೇ ಕೊಟ್ಟರು: ದಿನಕ್ಕೆರಡು ಸಲ, ಊಟಕ್ಕೆ ಮೊದಲು, ಇಪ್ಪತ್ತು ನಿಮಿಷ ಗಿಟಾರ್. ಚೆನ್ನಾಗಿ ನುಡಿಸುವ ಅಗತ್ಯವಿಲ್ಲ. ಆ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು.

ಅಲ್ಲಿಂದ ಮುಂದಿನ ಮೂರೂವರೆ ವಾರ ನನ್ನ ಬದುಕಿನ ಅತ್ಯಂತ ಸುಖದ ದಿನಗಳು ಎಂದರೆ ತಾವು ನಂಬಬೇಕು. ಬೆಳಿಗ್ಗೆ ಬೈಸಿಕೊಂಡು ಕಚೇರಿಗೆ ಹೋಗುತ್ತಿದ್ದೆ, ಸಂಜೆ ಬೈಸಿಕೊಳ್ಳಲು ಓಡೋಡಿ ಬರುತ್ತಿದ್ದೆ. ಅಮ್ಮ ಆಡಿದ ಪ್ರತಿ ಮಾತನ್ನೂ ತಾರೀಖು, ಹೊತ್ತು, ಯಾವ ತಂತಿ, ಎಷ್ಟನೇ ಮನೆ ಎಂಬ ವಿವರಗಳೊಂದಿಗೆ ಒಂದು ರಿಜಿಸ್ಟರಿನಲ್ಲಿ ದಾಖಲಿಸಿದ್ದೇನೆ. ‘ಕತ್ತೆ’ ಬಂದದ್ದು ಎರಡನೇ ತಂತಿಯಲ್ಲಿ. ‘ಅಯ್ಯೋ ಕಿವಿ’ ಬಂದದ್ದು ಮೇಲಿನ ಎರಡು ತಂತಿ ಒಟ್ಟಿಗೆ ಮೀಟಿದಾಗ. ‘ಮಾನ ಇಲ್ವಾ’ ಎಂಬ ಎರಡು ಪದಗಳ ಪ್ರಶ್ನೆಗೆ ನಾನು ಹನ್ನೆರಡನೇ ಮನೆಯವರೆಗೆ ಹೋಗಬೇಕಾಯಿತು. ‘ನಿಮ್ಮಪ್ಪನೂ ಹೀಗೇ’ ಎಂಬುದು ತೀರಿಕೊಂಡು ಹನ್ನೆರಡು ವರ್ಷವಾಗಿರುವ, ಒಂದು ದಿನವೂ ವಾದ್ಯ ಮುಟ್ಟದ ನನ್ನ ತಂದೆಯ ಕುರಿತಾದದ್ದು. ಅದು ಯಾವ ವಿಷಯದಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಒಟ್ಟು ನಲವತ್ತೊಂದು ಮಾತುಗಳು. ಅದರಲ್ಲಿ ಮೂವತ್ತೆಂಟು ನನಗೆ ಸಂಬಂಧಿಸಿದವು, ಎರಡು ಗಿಟಾರಿಗೆ, ಒಂದು ತಮ್ಮ ಮುಖಪುಟದ ಟೋಪಿಯ ಮಹನೀಯರಿಗೆ. ಪತ್ರದ ಮರ್ಯಾದೆ ಉಳಿಸುವ ಸಲುವಾಗಿ ಕೊನೆಯದನ್ನು ಇಲ್ಲಿ ಕಾಣಿಸಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿ ಕೆಟ್ಟದಾಗಿ ನಡೆಯುತ್ತಿದ್ದಾಗ ತಾವು ನನಗೆ ಆರನೇ ಪಾಠ ಕಲಿಸಿದಿರಿ.

ಆ ಚೌಕದೊಳಗಿನ ಸಾಲನ್ನು ಮೂರು ಸಲ ಓದಿದೆ. ಐದು ವಾರ ನಾನು ತಪ್ಪು ಅಳತೆಗೆ ಗೆರೆ ಎಳೆದುಕೊಂಡು ಕುಳಿತಿದ್ದೆ! ಬೇರೆ ಯಾರಾದರೂ ಆಗಿದ್ದರೆ ಪುಟ ಮಗುಚಿ ಸುಮ್ಮನಿರುತ್ತಿದ್ದರು. ತಪ್ಪು ಅಳತೆ ಕಂಡೂ ಕಾಣದಂತೆ ಹೋಗುವುದು ನನ್ನ ಜಾಯಮಾನದಲ್ಲೇ ಇಲ್ಲ. ಕೊಳವೆಯನ್ನು ಪಟ್ಟಿಯ ನೆತ್ತಿಗೆ ತಂದೆ. ತಂತಿಯನ್ನು ಒತ್ತದೆ, ಬರೀ ಸೋಕಿಸಿದೆ. ತಾವು ಹೇಳಿದಂತೆಯೇ ಕೊಳವೆಯ ಹಿಂದೆ ಉಳಿದ ಬೆರಳುಗಳನ್ನು ಹಗುರವಾಗಿ ಇಟ್ಟು ಕರಕರ ಸದ್ದನ್ನು ಅಡಗಿಸಿದೆ. ಮೀಟಿದೆ. ಸ್ವರ ಬಂತು, ಶುದ್ಧವಾದ ಸ್ವರ. ನಾಚಿಕೆ ಬಿಟ್ಟು ಹೇಳುತ್ತೇನೆ, ಸೊಗಸಾಗಿತ್ತು.

ಅಮ್ಮ ಏನೂ ಅನ್ನಲಿಲ್ಲ. ಸಂಜೆಯೂ ಅನ್ನಲಿಲ್ಲ, ಮರುದಿನವೂ ಅನ್ನಲಿಲ್ಲ. ಕುರ್ಚಿಗೆ ತಲೆ ಆನಿಸಿ, ಕಣ್ಣು ಮುಚ್ಚಿ ಕುಳಿತರು. ಐದು ದಿನ ನನ್ನ ರಿಜಿಸ್ಟರಿನ ಪುಟ ಖಾಲಿ. ಲಿಫ್ಟ್ ರಿಪೇರಿಯವರು ಮೆಟ್ಟಿಲಲ್ಲಿ ಸಿಕ್ಕಿ, “ಏನ್ ಸಾರ್, ವಾರದಿಂದ ಲಿಫ್ಟ್ ಸದ್ದೇ ಇಲ್ಲ, ಹುಷಾರಾಗಿದ್ದೀರಾ?” ಎಂದು ಕೇಳಿದರು. ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಆಮೇಲೆ ಹೆದರಿಕೆಯಾಯಿತು ಮಾನ್ಯರೇ, ಬಹಳ ಹೆದರಿಕೆಯಾಯಿತು. ತೆಗೆದಿದ್ದ ಆ ಒಂದು ಬಾಗಿಲನ್ನೂ ನಾನೇ ನನ್ನ ಕೈಯಾರೆ ಎಳೆದು ಹಾಕಿದೆನಲ್ಲ ಎನಿಸಿತು.

ಹಳೆಯ ತಪ್ಪಿಗೆ ಮರಳಲು ನಾವು ಮಾಡಿದ ಪ್ರಯತ್ನಗಳನ್ನು ತಮ್ಮ ತಾಂತ್ರಿಕ ವಿಭಾಗದ ಗಮನಕ್ಕೆ ತರುತ್ತಿದ್ದೇನೆ. ನಾನು ಕೆಂಪು ಗೆರೆಗಳಿಗೇ ವಾಪಸ್ ಹೋದೆ. ಕಿವಿಗೆ ಸರಿ ಯಾವುದೆಂದು ಗೊತ್ತಾಗಿಬಿಟ್ಟಿದ್ದರಿಂದ ಕೈ ತಾನಾಗಿ ಪಟ್ಟಿಯ ಮೇಲೆ ಹೋಗಿ ಕೂರುತ್ತಿತ್ತು. ಗೋಡೆಗೆ ಮುಖ ಮಾಡಿ ನುಡಿಸಿದೆ, ಕೊಳವೆಯನ್ನು ಹೆಬ್ಬೆರಳಿಗೆ ಹಾಕಿ ನುಡಿಸಿದೆ, ಚಳಿಗಾಲದ ಉಣ್ಣೆಯ ಕೈಗವಸು ತೊಟ್ಟು ನುಡಿಸಿದೆ. ಬೇಕೆಂದೇ ತಪ್ಪಿದಾಗ ಅಮ್ಮ ಒಂದು ಕಣ್ಣು ಬಿಟ್ಟು ನೋಡಿದರು. ಬೇಗ ಮನೆಗೆ ಹೋಗಬೇಕೆಂದು ಬೇಕಂತಲೇ ಕೀಲಿ ತಪ್ಪಿಸುತ್ತಿದ್ದ ಹುಡುಗಿಯರನ್ನು ಮೂವತ್ತು ವರ್ಷ ನೋಡಿದ ಕಣ್ಣು ಅದು. ಕಳ್ಳ ತಪ್ಪಿಗೆ ಅವರು ಬೈಗುಳ ದಂಡ ಮಾಡುವವರಲ್ಲ. ನನ್ನ ಹೆಂಡತಿ ಜೀವನದಲ್ಲಿ ಗಿಟಾರ್ ಮುಟ್ಟಿದವಳಲ್ಲ, ಅವಳಿಂದಾದರೂ ಆಗಲಿ ಎಂದು ಕೊಟ್ಟರೆ ಆ ಹೆಂಗಸು ಮೊದಲ ಸಲಕ್ಕೇ ಶ್ರುತಿಶುದ್ಧವಾಗಿ ನುಡಿಸಿ ನನ್ನ ಹೊಟ್ಟೆ ಉರಿಸಿದಳು. ಕೊನೆಗೆ ನಾಚಿಕೆ ಬಿಟ್ಟು ಲಿಫ್ಟ್ ರಿಪೇರಿಯವರನ್ನೇ ಕರೆತಂದೆ. ಅವರು ನುಡಿಸಿದ್ದು ಭಯಾನಕವಾಗಿತ್ತು, ಹಳೆಯ ದಿನಗಳು ನೆನಪಾಗಿ ನನ್ನ ಕಣ್ಣು ತುಂಬಿ ಬಂತು. ಆದರೆ ಅಮ್ಮ ಅವರನ್ನು ನೋಡಿ ಮರ್ಯಾದೆಗೆ ತಲೆಯಾಡಿಸಿದರು, ಅಷ್ಟೇ. ಪರಿಚಯವಿಲ್ಲದವರನ್ನು ಬೈಯುವ ಅಭ್ಯಾಸ ಅವರಿಗಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಗಳು ಸರಳವಾಗಿವೆ. ನಾನು ಪೆಟ್ಟಿಗೆ ತೆಗೆಯುವಾಗ ಇದ್ದ ಅಜ್ಞಾನವನ್ನು ನನಗೆ ಸುಸ್ಥಿತಿಯಲ್ಲಿ ಹಿಂತಿರುಗಿಸತಕ್ಕದ್ದು. ಅದು ಸಾಧ್ಯವಾಗದಿದ್ದಲ್ಲಿ ಆರನೇ ಪಾಠವನ್ನು ನನ್ನ ತಲೆಯಿಂದ ಮಾತ್ರ ತೆಗೆದು, ಉಳಿದದ್ದನ್ನು ಇದ್ದಂತೆ ಬಿಡಬಲ್ಲ ತಜ್ಞರೊಬ್ಬರನ್ನು ಕಳುಹಿಸಿಕೊಡತಕ್ಕದ್ದು. ಅದೂ ಕಷ್ಟವಾದರೆ, ಹನ್ನೆರಡು ಪಾಠಗಳನ್ನು ಕೊನೆಯಿಂದ ಮೊದಲಿಗೆ ಮುದ್ರಿಸಿ ಒಂದು ಹೊಸ ಪುಸ್ತಿಕೆ ಹೊರತಂದು, ಅದನ್ನು ಅಭ್ಯಾಸ ಮಾಡಿದವನು ಮೂರೇ ತಿಂಗಳಲ್ಲಿ ಗಿಟಾರ್ ಮುಟ್ಟಲೂ ಬಾರದವನಾಗುತ್ತಾನೆಂದು ಖಾತರಿ ಪತ್ರ ಕೊಡತಕ್ಕದ್ದು. ಇದ್ಯಾವುದೂ ಆಗದಿದ್ದರೆ ಟೋಪಿಯ ಮಹನೀಯರು ಒಂದು ದಿನ ಖುದ್ದಾಗಿ ನಮ್ಮ ಮನೆಗೆ ಬಂದು ಅಮ್ಮನ ಎದುರಿಗೆ ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡು ಕುಳಿತರೆ ಸಾಕು. ಅವರ ಮುಖ ನೋಡಿದರೇ ಅಮ್ಮನಿಗೆ ಏನಾದರೂ ಅನ್ನಬೇಕೆನಿಸೀತು ಎಂಬ ಆಸೆ ನನಗೆ ಇನ್ನೂ ಇದೆ.

ಮಾನ್ಯರೇ, ಇಲ್ಲಿಯವರೆಗಿನದನ್ನು ಬರೆದದ್ದು ಸೋಮವಾರ. ಪತ್ರವನ್ನು ಪೆಟ್ಟಿಗೆಯೊಂದಿಗೆ ಸೇರಿಸಿ ತಮಗೇ ಹಿಂತಿರುಗಿಸುವುದೆಂದು ತೀರ್ಮಾನಿಸಿ, ಕೊಳವೆ ಸುತ್ತಲು ಹಳೆಯ ಪತ್ರಿಕೆ, ದಾರ, ಅಂಟು ಎಲ್ಲ ತಂದು ಅಮ್ಮನ ಕೋಣೆಯಲ್ಲೇ ಕುಳಿತೆ. ಕಟ್ಟುವ ಮೊದಲು ಒಂದು ಸಲ, ಕೊನೆಯ ಸಲ, ನಿಧಾನವಾಗಿ ನುಡಿಸಿದೆ. ಯಾವ ಪಾಠವೂ ಅಲ್ಲ, ಸುಮ್ಮನೆ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ. ಕೊಳವೆಯನ್ನು ಬೆರಳಿಂದ ತೆಗೆಯುತ್ತಿದ್ದಾಗ ಅಮ್ಮನ ಎಡಗೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು.

“ಕೊಡು,” ಎಂದರು.

ಕಿಟಕಿಯಿಂದ ಆಚೆ ಎಸೆಯುತ್ತಾರೆ ಎಂದುಕೊಂಡೆ. ಎಸೆಯುವ ಹಕ್ಕೂ ಅವರಿಗಿತ್ತು, ಕೊಟ್ಟೆ. ಅವರು ಅದನ್ನು ತುಟಿಯಲ್ಲಿ ಕಚ್ಚಿ ಹಿಡಿದು ಎಡಗೈಯ ಕಿರುಬೆರಳನ್ನು ಒಳಗೆ ತೂರಿಸಿದರು. ಸಡಿಲವಾಯಿತು. ಉಂಗುರದ ಬೆರಳಿಗೆ ಹಾಕಿಕೊಂಡರು. ಅಲ್ಲೂ ಸಡಿಲವೇ. ಆಮೇಲೆ ಗಿಟಾರಿನ ಕಡೆಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ನನ್ನ ಕುರ್ಚಿಯನ್ನು ಅವರ ಬಲಕ್ಕೆ ಎಳೆದು, ಗಿಟಾರನ್ನು ಇಬ್ಬರ ತೊಡೆಯ ಮೇಲೂ ಅಡ್ಡಡ್ಡ ಮಲಗಿಸಿ, ಅದರ ಕತ್ತು ಅವರ ಎಡಗೈಗೆ ಸಿಗುವಂತೆ ಇಟ್ಟೆ. ಹೊಟ್ಟೆಯ ಭಾಗ ನನ್ನ ಕಡೆಗಿತ್ತು. ಬಿದ್ದುಹೋದ ಬಲಗೈ ಇಬ್ಬರ ನಡುವೆ ಗಿಟಾರಿನ ಮೇಲೆ ಸುಮ್ಮನೆ ಒರಗಿತ್ತು.

“ಮೀಟು,” ಎಂದರು.

ಮೀಟಿದೆ. ಸ್ವರ ತುಸು ಕೆಳಗಿತ್ತು. “ಅಲ್ಲ,” ಎಂದು ತಮಗೆ ತಾವೇ ಹೇಳಿಕೊಂಡು ಕೂದಲೆಳೆಯಷ್ಟು ಮೇಲೆ ಸರಿದರು. ನಾನು ಅಳೆದು ಎಳೆದ ಗೆರೆಯನ್ನು ಅವರು ನೋಡಲೇ ಇಲ್ಲ. ಕೀಲಿ ನೋಡದೆ ಟೈಪ್ ಮಾಡಿ ಎಂದು ಮೂವತ್ತು ವರ್ಷ ಹೇಳಿದವರು ಪಟ್ಟಿ ನೋಡುತ್ತಾರೆಯೇ! ತಂತಿಯನ್ನು ಒತ್ತಬಾರದು, ಸೋಕಿಸಬೇಕು ಎಂಬುದನ್ನು ಕಲಿಯಲು ನನಗೆ ವಾರಗಳೇ ಹಿಡಿದಿದ್ದವು. ಅವರು ಮೊದಲ ಸಲವೇ ಸೋಕಿಸಿದರು. ನಾನು ಮತ್ತೆ ಮೀಟಿದೆ. ಈ ಸಲ ಸರಿಯಾಗಿ ಬಂತು. ಬಂದದ್ದನ್ನು ಅಲ್ಲೇ ಹಿಡಿದು, ಕೈಯನ್ನು ಸಣ್ಣಗೆ ಅಲುಗಿಸಿ, ಅದು ಆರುವವರೆಗೂ ಕೇಳಿದರು. ತಮ್ಮ ಒಂಬತ್ತನೇ ಪಾಠದಲ್ಲಿ ಬರುವ ಆ ಅಲುಗಾಟವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಮುಂದಿನ ತಂತಿ ಯಾವುದು, ಎಷ್ಟು ಜೋರಾಗಿ ಮೀಟಬೇಕು, ಏನೂ ತೋಚಲಿಲ್ಲ. ನಾನು ಹಾಗೇ ಕುಳಿತದ್ದನ್ನು ಕಂಡು ಅಮ್ಮ ನನ್ನ ಕಡೆಗೆ ತಿರುಗಿದರು. ಒಂದೊಂದೇ ಪದವನ್ನು ಆಯ್ದು ತೆಗೆದವರಂತೆ, ನಡುನಡುವೆ ಉಸಿರು ಬಿಟ್ಟು ಹೇಳಿದರು:

“ನೀನು ಮೀಟು. ಉಳಿದಿದ್ದು ನಾನ್ ನೋಡ್ಕೋತೀನಿ.”

ನನಗೆ ನಲವತ್ತೊಂಬತ್ತು ವರ್ಷ ಮಾನ್ಯರೇ. ತಲೆ ಅರ್ಧ ಬೆಳ್ಳಗಾಗಿದೆ. ಶಾಲೆಗೆ ಸೇರಿಸುವಾಗ, ಕೆಲಸದ ಸಂದರ್ಶನಕ್ಕೆ ಕಳಿಸುವಾಗ, ಅಪ್ಪ ತೀರಿಕೊಂಡ ದಿನ, ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇನ್ನು ಮುಂದೆ ಕೇಳುವುದಿಲ್ಲ ಎಂದುಕೊಂಡಿದ್ದೆ. ರಿಜಿಸ್ಟರಿನಲ್ಲಿ ಬರೆಯಲು ಕೂತರೆ ಹೊತ್ತು, ತಂತಿ, ಮನೆ ಯಾವುದೂ ನೆನಪಿರಲಿಲ್ಲ. ಆ ಅಂಕಣಗಳನ್ನು ಖಾಲಿ ಬಿಟ್ಟಿದ್ದೇನೆ. ನನ್ನ ಸೇವಾವಧಿಯಲ್ಲಿ ಇದೇ ಮೊದಲು.

ಇಂದು ಗುರುವಾರ. ಮೂರು ದಿನಗಳಿಂದ ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಕೊಳವೆ ಕೇಳುತ್ತಾರೆ. ‘ಈಗ’, ‘ತಡಿ’, ‘ಜೋರಾಗಿ’, ‘ಇನ್ನೊಂದ್ಸಲ’, ‘ಕಾಫಿ ಆಮೇಲೆ’ ಎಂದೆಲ್ಲ ಹೇಳುತ್ತಾರೆ. ಹೆಂಡತಿಗೂ ಹೇಳುತ್ತಾರೆ, ಡಾಕ್ಟರಮ್ಮನಿಗೂ ಹೇಳುತ್ತಾರೆ. ಬೈಗುಳ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ, ನಿಲ್ಲುವುದೂ ಬೇಡ. ಹಾಗೆಂದು ನನ್ನ ದೂರು ಮುಗಿಯಿತೆಂದು ತಾವು ನಿಟ್ಟುಸಿರು ಬಿಡಬಾರದು, ಅದು ಉಲ್ಬಣಿಸಿದೆ. ಗಿಟಾರ್ ನನ್ನದು, ಕಲಿತವನು ನಾನು, ಕಟ್ಟಡದವರ ಶಾಪ ತಿಂದವನು ನಾನು. ಈಗ ನನ್ನ ಎಡಗೈಗೆ ಮನೆಯಲ್ಲಿ ಕೆಲಸವಿಲ್ಲ. ನಾನು ಬರೀ ಮೀಟುವವನು. ಒಂದು ಗಿಟಾರನ್ನು ಇಬ್ಬರು ಹಂಚಿಕೊಂಡು, ಎಡಗೈ ಒಬ್ಬರದು, ಬಲಗೈ ಇನ್ನೊಬ್ಬರದು ಆದಾಗ ತಾಳ ತಪ್ಪಿದರೆ ತಪ್ಪು ಯಾರದು ಎಂಬ ಬಗ್ಗೆ ತಮ್ಮ ಹನ್ನೆರಡು ಪಾಠಗಳಲ್ಲಿ ಎಲ್ಲೂ ಒಂದು ಸಾಲಿಲ್ಲ. ಸದ್ಯಕ್ಕೆ ನನ್ನದು ಎಂದು ತೀರ್ಮಾನವಾಗಿದೆ. ಮುಂದಿನ ಮುದ್ರಣದಲ್ಲಿ ಈ ಕುರಿತು ಹದಿಮೂರನೇ ಪಾಠವೊಂದನ್ನು ಸೇರಿಸಿ, ಮೀಟುವವರ ಹಕ್ಕುಗಳನ್ನು ಸ್ಪಷ್ಟವಾಗಿ, ದೊಡ್ಡ ಅಕ್ಷರದಲ್ಲಿ, ಚೌಕವಿಲ್ಲದೆ ಮುದ್ರಿಸಬೇಕೆಂದು ಕೋರುತ್ತೇನೆ.

ಸೋಮವಾರದ ಬೇಡಿಕೆಗಳನ್ನೆಲ್ಲ ಈ ಮೂಲಕ ಹಿಂಪಡೆದಿದ್ದೇನೆ. ನನ್ನ ಅಜ್ಞಾನವನ್ನು ತಾವೇ ಇಟ್ಟುಕೊಳ್ಳಬಹುದು. ಅದರ ಬದಲಿಗೆ ಒಂದೇ ಒಂದು ವಸ್ತು ಬೇಕಾಗಿದೆ: ಇದಕ್ಕಿಂತ ಸಣ್ಣ ಅಳತೆಯ ಗಾಜಿನ ಕೊಳವೆ, ಒಂದು. ಈಗಿನದು ಅಮ್ಮನ ಬೆರಳಿಗೆ ಸಡಿಲವಾಗಿ, ಒಳಗೆ ಬಟ್ಟೆ ಸುತ್ತಿಕೊಂಡು ನುಡಿಸುತ್ತಿದ್ದಾರೆ. ಬೆರಳಿನ ಸುತ್ತಳತೆಯನ್ನು ಬುಡ, ಗೆಣ್ಣು, ತುದಿ ಮೂರು ಕಡೆ, ಬೆಳಿಗ್ಗೆ ಮಧ್ಯಾಹ್ನ ಸಂಜೆ ಮೂರು ಹೊತ್ತು ತೆಗೆದು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದ್ದೇನೆ. ಈ ಅಳತೆಗಳಿಗೆ ನಾನು ಮುದ್ರೆ ಹಾಕಲು ಸಿದ್ಧ.

ಇಷ್ಟೆಲ್ಲ ಆದ ಮೇಲೂ,
ತಮ್ಮ ವಿಶ್ವಾಸಿ,
ಹಿರಿಯ ನಿರೀಕ್ಷಕ, ತೂಕ ಮತ್ತು ಅಳತೆ ಇಲಾಖೆ
(ಮನೆಯಲ್ಲಿ: ಮೀಟುವವನು)

ಮರೆತು ಬಿಟ್ಟದ್ದು: ಅಂಚೆಗೆ ಹಾಕುವ ಮೊದಲು ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ ಮೇಲೆ ತಮ್ಮ ಕಂಪನಿಗೆ ತಿಳಿಸಬೇಕೆಂದು ಅವರು ಐದು ಮಾತು ಹೇಳಿದ್ದಾರೆ. ಪರಿಚಯವಿಲ್ಲದವರನ್ನು ಅವರು ಬೈಯುವುದಿಲ್ಲ ಎಂದು ಮೇಲೆ ಬರೆದದ್ದು ನನ್ನ ತಪ್ಪು ತಿಳಿವಳಿಕೆ. ಅವುಗಳಲ್ಲಿ ನಾಲ್ಕನ್ನು ಸರ್ಕಾರಿ ನೌಕರನಾದ ನಾನು ಕಾಗದದ ಮೇಲೆ ಬರೆಯುವಂತಿಲ್ಲ. ಐದನೆಯದು ‘ಬೇಗ’.